ಸುಟ್ಟುಹೋದ ಅರಮನೆಯ ಮುಖ

ಮೈಸೂರು ಅರಮನೆಯ ಹಳೇ ಫೋಟೋ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಕಂಬಗಳನ್ನು. ಮುಂದುಗಡೆ ಕೆತ್ತನೆಯ ನಾಲ್ಕು ಮರದ ಕಂಬ ಕಂಡವೋ, ಅದು 1897ಕ್ಕಿಂತ ಹಿಂದಿನದು. ಆ ವರ್ಷದ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಬೆಂಕಿ ಬಿದ್ದು ಮರದ ಅರಮನೆ ಸುಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು ದಸರೆಯಲ್ಲಿ ಸಿಂಹಾಸನವೇರಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದ ‘ಸಜ್ಜೆ’ ಎಂಬ ತೆರೆದ ಮೊಗಸಾಲೆ ಈಗ ನಮಗೆ ಕಾಣುವುದು ಇಂಥ ಫೋಟೋಗಳಲ್ಲಿ ಮಾತ್ರ. ಅದಕ್ಕೇ ನನಗೆ ಅವುಗಳ ಮೇಲೆ ಇಷ್ಟು ಅಕ್ಕರೆ.

ಆದರೆ ಅವು ಬಣ್ಣದ ವಿಷಯದಲ್ಲಿ ದಾರಿ ತಪ್ಪಿಸುತ್ತವೆ. ಫೋಟೋದಲ್ಲಿ ಆ ಮುಂಭಾಗ ಮಂಕಾಗಿ, ಕಪ್ಪು ಕಪ್ಪಾಗಿ ಕಾಣುತ್ತದೆ. ನಿಜಕ್ಕೂ ಅದಕ್ಕೆ ಢಾಳಾದ ಬಣ್ಣ ಬಳಿದಿದ್ದರು. ಆ ಕಾಲದಲ್ಲಿ ಫೋಟೋ ಹಿಡಿಯುತ್ತಿದ್ದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕೆಂಪು ಕಪ್ಪಾಯಿತು, ನೀಲಿ ಆಕಾಶ ಬೆಳ್ಳಗಾಯಿತು. ಆಕಾಶದಲ್ಲಿ ಒಂದೂ ಮೋಡವಿಲ್ಲ ಅಂದ ಮಾತ್ರಕ್ಕೆ ಅಂದು ಮೋಡವೇ ಇರಲಿಲ್ಲ ಅನ್ನುವ ಹಾಗಿಲ್ಲ. ಅಂಗಳದಲ್ಲಿ ಹೊಗೆಯಂತೆ ಚದುರಿದ ಆಕೃತಿಗಳಿದ್ದರೆ ದೊಡ್ಡದು ಮಾಡಿ ನೋಡಿ. ಪ್ಲೇಟಿಗೆ ಬೆಳಕು ಬೀಳುತ್ತಿದ್ದಷ್ಟು ಹೊತ್ತೂ ನಡೆದಾಡುತ್ತಲೇ ಇದ್ದ ಜನ ಅವರು. ಕದಲದೆ ನಿಂತವರ ಮುಖ ಮಾತ್ರ ಉಳಿದಿದೆ. ಅರಮನೆಯ ಬಗ್ಗೆ ಬರೆಯುವಾಗ ಒಡೆಯರ ಹೆಸರುಗಳನ್ನೇ ಹೇಳುತ್ತೇವೆ. ಆ ಹೆಸರಿಲ್ಲದ ಮುಖಗಳನ್ನೂ ನಿಧಾನವಾಗಿ ನೋಡಬೇಕು ಅನ್ನುವುದು ನನ್ನ ಆಸೆ.

ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ ಮುಗಿದದ್ದು 1912ರಲ್ಲಿ, ಖರ್ಚು ಸುಮಾರು 41 ಲಕ್ಷ ರೂಪಾಯಿ. ಪೂರ್ತಿಯಾದ ಕಲ್ಲಿನ ಅರಮನೆಯ ಚಿತ್ರದ ಕೆಳಗೆ ‘1900’ ಎಂದು ಬರೆದು ಹಂಚುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿದ ಸಮಾರಂಭ ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ಆಗ ಈ ಕಲ್ಲಿನ ಅರಮನೆ ಇನ್ನೂ ಏಳುತ್ತಿದ್ದ ಕಟ್ಟಡ. ಮುಂದಕ್ಕೆ ಚಾಚಿದ ದರ್ಬಾರ್ ಹಾಲಿನ ಭಾಗವಂತೂ ಇನ್ನೂ ತಡವಾಗಿ ಸೇರಿದ್ದು. ಅದಿಲ್ಲದ ಚಪ್ಪಟೆ ಮುಖದ ಚಿತ್ರ ಸಿಕ್ಕರೆ ಜೋಪಾನ ಮಾಡಿ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅರಮನೆಯ ಪೋಸ್ಟ್ ಕಾರ್ಡ್ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಡಿ. ಅಂಚೆಚೀಟಿಯ ಮೇಲೆ ಇರುವುದು ಆಗಿನ ಬ್ರಿಟಿಷ್ ದೊರೆಗಳಲ್ಲಿ ಏಳನೇ ಎಡ್ವರ್ಡನ ತಲೆಯೋ ಐದನೇ ಜಾರ್ಜನದೋ ಅನ್ನುವುದರಿಂದಲೇ ಕಾಲ ಎಷ್ಟೋ ಹತ್ತಿರಕ್ಕೆ ಬರುತ್ತದೆ. ಮುದ್ರೆಯ ತಾರೀಕು ಓದಲು ಬಂದರೆ, ಆ ಚಿತ್ರ ತೆಗೆದದ್ದು ಅದಕ್ಕಿಂತ ಮುಂಚೆ ಎಂಬುದಂತೂ ಖಚಿತ.