‘ಮತ್ತೆ ಸೋತಿದ್ದೇಕೆ?’ ಅಂತ ಕೇಳುವವರಿಗೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಒನಂಡಾಗಾ ಸರೋವರದ ದಡಕ್ಕೆ ಕರೆದೊಯ್ದು ಹೊಡೆನೊಶೋನಿ ಜನರ ಕಥೆ ಹೇಳುವುದು ನನ್ನ ಚಾಳಿ. ತಮ್ಮತಮ್ಮಲ್ಲೇ ಕಾದಾಡುವುದನ್ನು ಬಿಟ್ಟು, ಶಾಂತಿಯ ಕಟ್ಟಳೆಯೊಂದನ್ನು ಒಪ್ಪಿ ಒಕ್ಕೂಟವಾದ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಇವರು. ಶಾಂತಿಯ ಜನರ ಹೆಸರು ‘ಹೊಡೆ’ ಅಂತ ಶುರುವಾಗುತ್ತದಲ್ಲ ಎಂದು ಮೊದಲು ನಗುತ್ತಾರೆ. (ಅದರ ಅರ್ಥ ಉದ್ದಮನೆಯ ಜನ. ನಕ್ಕಾಯಿತಲ್ಲ, ಮುಂದೆ ಹೋಗೋಣ.) ಆಮೇಲೆ ತಪ್ಪದೆ ಆ ಪ್ರಶ್ನೆ. ಹೋದ ಸಲ ಕೇಳಿದ್ದು ನಮ್ಮ ಮಾವನವರು: “ಅಲ್ಲಮ್ಮಾ, ಅಷ್ಟು ದೊಡ್ಡ ಶಾಂತಿ ಕಟ್ಟಳೆ ಇತ್ತು ಅಂತೀಯ. ಮತ್ತೆ ಸೋತಿದ್ದೇಕೆ?”

ಮಾವನವರಿಗೆ ಎದುರಾಡಲಿಲ್ಲ. ಇಲ್ಲಿ ಆಡುತ್ತೇನೆ.

1779ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, ಸೇನಾಪತಿ ಜಾರ್ಜ್ ವಾಷಿಂಗ್ಟನ್ ಕಳಿಸಿದ ಸೈನ್ಯ ಅವರ ಸುಮಾರು 40 ಊರುಗಳನ್ನು, ಹೊಲದಲ್ಲಿ ನಿಂತ ಜೋಳದ ಸಮೇತ ಸುಟ್ಟಿತು. ಅವರು ಆತನಿಗೆ ಇಟ್ಟ ಹೆಸರು ‘ಊರು ಹಾಳುಮಾಡುವವ’. ಅಮೆರಿಕದ ಅಧ್ಯಕ್ಷರಿಗೆಲ್ಲ ಇವತ್ತಿಗೂ ಅದೇ ಹೆಸರು. 1794ರಲ್ಲಿ, ಅಧ್ಯಕ್ಷನಾಗಿದ್ದ ಅದೇ ವಾಷಿಂಗ್ಟನ್‌ನ ಸರ್ಕಾರ, ನಿಮ್ಮ ನೆಲ ನಿಮ್ಮದೇ ಎಂದು ಕ್ಯಾನಂಡೈಗುವಾದಲ್ಲಿ ಒಪ್ಪಂದ ಬರೆದುಕೊಟ್ಟಿತು. ಅದರ ಪ್ರಕಾರ ವರ್ಷಾವರ್ಷ ಕೊಡಬೇಕಾದ ಬಟ್ಟೆ ಈಗಲೂ ಬರುತ್ತದೆ. ತುಂಡು ಬಟ್ಟೆ, ಬೆಲೆ ಏನೂ ಇಲ್ಲ. ಆದರೆ ಬಟ್ಟೆ ಬರುವ ತನಕ ಮಾತು ಜೀವಂತ ಎಂದು ಅವರ ಹಟ. ಮಾತು ಕೊಟ್ಟವರೋ, 1960ರ ದಶಕದಲ್ಲಿ ಕಿನ್ಜುವಾ ಅಣೆಕಟ್ಟು ಕಟ್ಟಿ ಒಕ್ಕೂಟದ ಸೆನೆಕಾ ಜನರ ಸುಮಾರು 10,000 ಎಕರೆಯನ್ನು ಅದರ ನೀರಿಗೆ ಬಿಟ್ಟರು. ಇಷ್ಟಾದ ಮೇಲೂ ಜನ ಪ್ರಶ್ನೆ ಕೇಳುವುದು ಮಾತು ಉಳಿಸಿಕೊಂಡವರನ್ನು!

ಅವರೇನೂ ಸಂತರಲ್ಲ, ಒಪ್ಪಿದೆ. 1649ರಲ್ಲಿ ನೆರೆಯ ವೆಂಡಾಟ್ ಜನರ ಊರುಗಳನ್ನು ಧ್ವಂಸ ಮಾಡಿದವರು ಇವರೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಒಕ್ಕೂಟವೇ ಎರಡು ಪಾಲಾಯಿತು, ಒನೈಡಾ ಬುಡಕಟ್ಟಿನವರಲ್ಲಿ ಹೆಚ್ಚಿನವರು ಅಮೆರಿಕನ್ನರ ಕಡೆ ನಿಂತರು. ಕಟ್ಟಳೆ ಇದೆ ಅಂದಮಾತ್ರಕ್ಕೆ ಯಾರೂ ತಪ್ಪೇ ಮಾಡುವುದಿಲ್ಲ ಅಂತಲ್ಲ. ನಮ್ಮಲ್ಲೂ ಸಂವಿಧಾನ ಇಲ್ಲವೇ?

ನನಗೆ ಬೇಕಿರುವ ಪ್ರಶ್ನೆ ಬೇರೆ. ಆ ಕಟ್ಟಳೆ ಹುಟ್ಟಿದ ಕಥೆಯಲ್ಲಿ ತಡೋಡಾಹೋ ಎಂಬ ಕ್ರೂರ ಮುಖಂಡ ಬರುತ್ತಾನೆ. ಅವನನ್ನು ಯಾಕೆ ಕೊಲ್ಲಲಿಲ್ಲ?

ಮೊಹಾಕ್, ಒನೈಡಾ, ಒನಂಡಾಗಾ, ಕಯೂಗಾ, ಸೆನೆಕಾ, ಈ ಐದೂ ಬುಡಕಟ್ಟಿನವರು ಕೊಲೆಗೆ ಕೊಲೆ ಎಂದು ಕಾದಾಡುತ್ತಿದ್ದ ಕಾಲ. ಒನಂಡಾಗಾದ ತಡೋಡಾಹೋ ಎಂಥ ಕ್ರೂರಿ ಎಂದರೆ ಅವನ ತಲೆಗೂದಲೆಲ್ಲ ಹಾವು. ಹಿಯಾವಾಥಾ ಎಂಬವನ ಹೆಣ್ಣುಮಕ್ಕಳ ಸಾವಿಗೂ ಅವನೇ ಕಾರಣ ಎನ್ನುತ್ತಾರೆ. ಮಕ್ಕಳನ್ನು ಕಳೆದುಕೊಂಡ ಹಿಯಾವಾಥಾ ಕಾಡು ಸೇರಿ, ಚಿಪ್ಪಿನ ಮಣಿ ಪೋಣಿಸುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದನಂತೆ: ನನ್ನಂತೆ ದುಃಖದಲ್ಲಿರುವವರು ಸಿಕ್ಕರೆ ಈ ಸರ ಹಿಡಿದು ಸಮಾಧಾನದ ಮಾತು ಹೇಳುತ್ತಿದ್ದೆ. ಅವನಿಗೆ ಹೇಳುವವರು ಮಾತ್ರ ಯಾರೂ ಬರಲಿಲ್ಲ. ಕಡೆಗೆ ಬಂದವನು, ಆ ಶಾಂತಿ ಕಟ್ಟಳೆ ತಂದವನೆಂದು ಅವರು ನಂಬುವ ಶಾಂತಿದೂತ. ಅದೇ ಸರಗಳನ್ನು ಎತ್ತಿಕೊಂಡು ಅದೇ ಮಾತುಗಳನ್ನು ಹಿಯಾವಾಥಾನಿಗೇ ಹೇಳಿದ. ಕಣ್ಣೀರು ಒರೆಸುತ್ತೇನೆ, ಕಾಣಲಿ. ಕಿವಿ ತೆರೆಸುತ್ತೇನೆ, ಕೇಳಲಿ. ಗಂಟಲಲ್ಲಿ ಕಟ್ಟಿದ್ದನ್ನು ತೆಗೆಯುತ್ತೇನೆ, ಮಾತು ಬರಲಿ.

ಮುಖಂಡ ಸತ್ತು ಹೊಸಬನನ್ನು ಕೂರಿಸುವಾಗ ಇಂದಿಗೂ ಈ ಸಮಾಧಾನ ಹೇಳುವ ವಿಧಿ ನಡೆಯುತ್ತದೆ. ಈಗಿನ ಸಂಧಾನದ ಮೇಜುಗಳಲ್ಲಿ ಗಡಿಗೆರೆ, ಕದನವಿರಾಮದ ಗಂಟೆ ಎಲ್ಲ ಮೊದಲೇ ಪಟ್ಟಿಯಲ್ಲಿರುತ್ತವೆ. ಸತ್ತವರ ಮಾತು ಬರುವಷ್ಟರಲ್ಲಿ ಫೋಟೊ ತೆಗೆದಾಗಿರುತ್ತದೆ.

ಆಮೇಲೆ ಇಬ್ಬರೂ ತಡೋಡಾಹೋ ಬಳಿ ಹೋದರು. ಹಾಡಿದರು, ಹಾವುಗಳನ್ನು ಬಾಚಿ ತೆಗೆದರು. ತೆಗೆದು ಅವನನ್ನೇ ಸಭೆಯ ನಡುಮನೆಯಲ್ಲಿ, ಸಭೆಯ ಬೆಂಕಿ ಆರದಂತೆ ನೋಡಿಕೊಳ್ಳುವ ಪೀಠದಲ್ಲಿ ಕೂರಿಸಿದರು! ಆಯುಧಗಳನ್ನು ಪೈನ್ ಮರದ ಬುಡದಲ್ಲಿ ಹೂತದ್ದು ಈ ದಡದಲ್ಲೇ ಅಂತೆ.

ಹಾಗಂತ ಕಣ್ಣುಮುಚ್ಚಿ ನಂಬಿ ಕೂರಿಸಿದ್ದಲ್ಲ. ಮುಖಂಡನನ್ನು ಆರಿಸುವವರು ಕುಲದ ತಾಯಂದಿರು, ಇಳಿಸುವವರೂ ಅವರೇ. ಅಧಿಕಾರದ ಗುರುತು ಜಿಂಕೆಯ ಕೊಂಬು. ದಾರಿ ತಪ್ಪಿದವನಿಗೆ ಮೂರು ಸಲ ಎಚ್ಚರಿಕೆ, ಆಮೇಲೆ ಕೊಂಬು ಕಿತ್ತುಕೊಳ್ಳುತ್ತಾರೆ. ಕೊಂಬು ಬಂದವರಿಗೆ ಮದ್ದು ನಮ್ಮಲ್ಲೇಕಿಲ್ಲ ಅಂತ ನಮ್ಮತ್ತೆ ಆಗ ಮಾವನವರನ್ನೇ ನೋಡಿದ್ದು ನನ್ನ ಭ್ರಮೆಯಿದ್ದರೂ ಇರಬಹುದು.

ವಾಪಸ್ ಬರುವಾಗ ಕಾರಿನಲ್ಲಿ ಮಾವನವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಅವನು ಆಮೇಲೆ ಸರಿಹೋದನೇನಮ್ಮ, ಆ ಹಾವಿನ ತಲೆಯವನು?”

“ಆ ಪೀಠಕ್ಕೆ ಅವನದೇ ಹೆಸರು, ಮಾವ. ಈಗಲೂ ಒಬ್ಬರು ಕೂತಿದ್ದಾರೆ.”

“ಈಗಲೂ ಇದ್ದಾರಾ?”