ಒಂದೇ ಮುಂಗಾರು, ಎರಡು ದಿಕ್ಕು: ನಮ್ಮ ಸೈಕಲ್ ಕ್ಲಬ್ಬಿನ ಮಳೆಗಾಲದ ದಿನಚರಿ

ಅಡ್ಡಮಳೆ, ಮೇ ಕೊನೆ

ಈ ವರ್ಷ ಮಳೆಗಾಲದಲ್ಲೂ ಭಾನುವಾರದ ಸವಾರಿ ನಿಲ್ಲಿಸುವುದಿಲ್ಲ ಅಂತ ತೀರ್ಮಾನವಾಯಿತು. ಹಿಂದೆಲ್ಲ ಜೂನ್ ಬಂತೆಂದರೆ ಕ್ಲಬ್ಬಿನ ಸೈಕಲ್ಲುಗಳು ಗೋಡೆಗೆ ಒರಗುತ್ತಿದ್ದವು. ದಸರಾ ಹೊತ್ತಿಗೆ ಮತ್ತೆ ಹೊರಬರುತ್ತಿದ್ದವು. ಅಷ್ಟರಲ್ಲಿ ಕಾಲಿನ ಕಸುವೆಲ್ಲ ಇಳಿದುಹೋಗಿರುತ್ತಿತ್ತು. ಈ ಸಲ ಒಂದು ಗುರಿ ಇದೆ. ಮಳೆ ಹಿಂದೆ ಸರಿದ ಮೇಲೆ ಕ್ಲಬ್ಬಿನ ಹೊಸಬರೆಲ್ಲ 200 ಕಿ.ಮೀ. ಬ್ರೆವೆ ಮುಗಿಸಬೇಕು.

ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. ಆದರೆ ಗಡಿಯಾರ ಮಾತ್ರ ಬಿಡುವುದಿಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮಳೆ ಬಂತು, ಗಾಳಿ ಬಂತು ಅಂತ ಒಂದು ನಿಮಿಷವೂ ಜಾಸ್ತಿ ಕೊಡುವುದಿಲ್ಲ. ಹಾಗಾಗಿ ಮಳೆ ಗಾಳಿಯಲ್ಲೇ ಅಭ್ಯಾಸ ಮಾಡುವುದು ಸರಿಯಾದ ದಾರಿ, ಅಲ್ವಾ?

ಹುಬ್ಬಳ್ಳಿಯಲ್ಲಿ ಇರುವವರಿಗೆ ಇದಕ್ಕೊಂದು ಅನುಕೂಲ ಇದೆ. ಪಶ್ಚಿಮಕ್ಕೆ ಹೊರಟರೆ ಕಲಘಟಗಿ ದಾಟುತ್ತಿದ್ದಂತೆ ಮಲೆನಾಡಿನ ಸೆರಗು ಸಿಗುತ್ತದೆ. ಪೂರ್ವಕ್ಕೆ ಹೊರಟರೆ ಅಣ್ಣಿಗೇರಿ, ನವಲಗುಂದದ ಎರೆಭೂಮಿ. ಕಣ್ಣು ಹಾಯುವಷ್ಟು ದೂರ ಬಯಲು. ಅದೇ ಮುಂಗಾರು ಆ ಕಡೆ ಮಳೆಯಾಗಿ ಬೀಳುತ್ತದೆ, ಈ ಕಡೆ ಗಾಳಿಯಾಗಿ ಬೀಸುತ್ತದೆ. ಎರಡೂ ನಮಗೆ ಬೇಕು.

ಈಗಿನ ಮಳೆ ಮಾತ್ರ ಗುಡುಗು ಸಿಡಿಲಿನದು. ಸಂಜೆ ಸವಾರಿ ಪೂರ್ತಿ ಬಂದ್ ಮಾಡಿದ್ದೇವೆ. ಬೆಳಿಗ್ಗೆಯೂ ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಅಂತ ಲೆಕ್ಕ. ಅಲ್ಲಿಗೆ ಸವಾರಿ ನಿಲ್ಲಿಸಿ ಪಕ್ಕಾ ಕಟ್ಟಡ ಹುಡುಕಬೇಕು. ಎರೆ ಬಯಲಿನಲ್ಲಿ ಸೈಕಲ್ ಮೇಲೆ ಕೂತವನೇ ಎಲ್ಲಕ್ಕಿಂತ ಎತ್ತರ. ಒಂಟಿ ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ. ಕ್ಲಬ್ಬಿನಲ್ಲಿ ಚರ್ಚೆಗೆ ಅವಕಾಶ ಇಲ್ಲದ ನಿಯಮ ಇದು.

ಮಿರಗ

ಒಂದು ಭಾನುವಾರ ಸವಾರಿ ಇಲ್ಲ, ಬರೀ ಸೈಕಲ್ ಕೆಲಸ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಾಕಾ ಅವರ ಅಂಗಳದಲ್ಲಿ ಎಲ್ಲರೂ ಸೇರಿದೆವು.

ಮೊದಲ ಕೆಲಸ ಮಡ್‌ಗಾರ್ಡ್. ಹಳೆಯ ಹೀರೋ, ಅಟ್ಲಾಸ್ ಸೈಕಲ್ಲುಗಳಿಗೆ ಅಂಗಡಿಯಿಂದಲೇ ಗಟ್ಟಿ ಮಡ್‌ಗಾರ್ಡ್ ಬರುತ್ತಿತ್ತು. ಈಗಿನ ರೋಡ್ ಬೈಕುಗಳಿಗೆ ಬರುವುದಿಲ್ಲ. ಒಬ್ಬರೇ ಹೋಗುವುದಾದರೆ ಬೆನ್ನು ಒದ್ದೆಯಾಗುತ್ತದೆ, ಅಷ್ಟೆ. ಗುಂಪಿನಲ್ಲಾದರೆ ಮುಂದಿನವರ ಹಿಂಗಾಲಿ ಎಸೆದ ಕೆಸರು ನೇರ ಹಿಂದಿನವರ ಬಾಯಿಗೆ, ಕಣ್ಣಿಗೆ. ಹಿಂದಿನವರು ಕಣ್ಣು ಮುಚ್ಚಿದ ಒಂದು ಕ್ಷಣ ಸಾಕು, ಸಾಲು ಪೂರ್ತಿ ಬೀಳುತ್ತದೆ. ಆದ್ದರಿಂದ ಹಿಂದಿನ ಮಡ್‌ಗಾರ್ಡ್ ಇಲ್ಲದವರು ಸಾಲಿನ ಕೊನೆಯಲ್ಲಿ ಬರಬೇಕು ಅಂತ ಮಾಡಿದೆವು. ಮುಂದಿನ ವಾರ ಎಲ್ಲರ ಸೈಕಲ್ಲಿಗೂ ಮಡ್‌ಗಾರ್ಡ್ ಬಂತು.

ಆಮೇಲೆ ಬ್ರೇಕು. ಅರ್ಧಕ್ಕರ್ಧ ಜನರದು ಇನ್ನೂ ರಿಮ್ ಬ್ರೇಕ್, ಅಂದರೆ ಗಾಲಿಯ ಅಂಚನ್ನೇ ಒತ್ತಿ ಹಿಡಿಯುವಂಥದು. ಒದ್ದೆಯಾದಾಗ ಅದು ಹಿಡಿದ ಕೂಡಲೇ ಕಚ್ಚುವುದಿಲ್ಲ. ಮೊದಲು ರಿಮ್ಮಿನ ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಇಳಿಜಾರಿಗೆ ಮುಂಚೆಯೇ ಎರಡು ಮೂರು ಸಲ ಮೆತ್ತಗೆ ಒತ್ತಿ ನೀರು ತೆಗೆಯುವುದನ್ನು ಹೊಸಬರಿಗೆ ಅಂಗಳದಲ್ಲೇ ನೀರು ಹಾಕಿ ತೋರಿಸಿದೆವು. ಟೈರಿನ ಗಾಳಿ ಸ್ವಲ್ಪ ಕಡಿಮೆ. 28 ಮಿ.ಮೀ. ಟೈರಿಗೆ 80 ಪಿಎಸ್‌ಐ ಹಾಕುವವರು 70ಕ್ಕೆ ಇಳಿಸಿದರು. ಚೈನಿಗೆ ಮಳೆಗಾಲದ ಗಟ್ಟಿ ಎಣ್ಣೆ. ಹಿಂದೆ ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಬೇಕು.

ರಸ್ತೆಯ ಬಗ್ಗೆಯೂ ಮಾತಾಯಿತು. ಮೊದಲ ಮಳೆಯ ಮೊದಲ ಕಾಲು ಗಂಟೆ ಎಲ್ಲಕ್ಕಿಂತ ಅಪಾಯ. ಬೇಸಿಗೆಯ ಧೂಳು, ಲಾರಿಯ ಎಣ್ಣೆ ಎಲ್ಲ ಮೇಲೆ ತೇಲುತ್ತದೆ. ನಮ್ಮ ಕಡೆ ಇನ್ನೊಂದು ಇದೆ. ಟ್ರ್ಯಾಕ್ಟರುಗಳು ಹೊಲದಿಂದ ಡಾಂಬರಿಗೆ ಹತ್ತಿದ ಕಡೆ ಎರೆ ಮಣ್ಣು ಬಿದ್ದಿರುತ್ತದೆ. ಒಣಗಿದಾಗ ಕಲ್ಲಿನಷ್ಟು ಗಟ್ಟಿ, ಒದ್ದೆಯಾದರೆ ಕಾಲಿಟ್ಟವರೂ ಜಾರುತ್ತಾರೆ. ಲಾರಿಗೆ ದಾರಿ ಬಿಡಲು ಅಂತ ಡಾಂಬರ್ ಬಿಟ್ಟು ಪಕ್ಕದ ಎರೆಗೆ ಇಳಿದರೆ ಮುಗಿಯಿತು. ಮಣ್ಣು ಟೈರಿಗೂ ಬ್ರೇಕಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಕೆರೆದು ತೆಗೆಯಲು ಎಲ್ಲರೂ ಒಂದೊಂದು ಐಸ್‌ಕ್ರೀಂ ಕಡ್ಡಿ ಇಟ್ಟುಕೊಳ್ಳಿ ಅಂತ ಕಾಕಾ ಹೇಳಿದರು. ತಮಾಷೆಗೆ ಅಲ್ಲ, ನಿಜಕ್ಕೂ ಉಪಯೋಗಕ್ಕೆ ಬರುವ ಮಾತು ಅದು.

ಆರಿದ್ರಾ

ಪಶ್ಚಿಮದ ಸರದಿ. ತಡಸ ಮೇಲೆ ಮುಂಡಗೋಡಕ್ಕೆ ಹೋಗಿ ಬಂದೆವು. ತಡಸದ ತನಕ ತುಂತುರು. ಆಮೇಲೆ ಶುರುವಾದದ್ದು ಬಿಡಲೇ ಇಲ್ಲ. ಮಳೆ ಜೋರಿರಲಿಲ್ಲ, ಜಿಟಿಜಿಟಿ ಹಿಡಿದುಕೊಂಡಿತ್ತು. ಇದೇ ಹೆಚ್ಚು ಸುಸ್ತು ಮಾಡುತ್ತದೆ. ಜೋರು ಮಳೆಯಾದರೆ ಎಲ್ಲಾದರೂ ನಿಂತುಬಿಡಬಹುದು.

ದಾರಿಯಲ್ಲಿ ಒಂದು ಚಹಾದ ಅಂಗಡಿ. ಅಂಗಡಿಯ ಅಜ್ಜಿ ನಮ್ಮನ್ನೆಲ್ಲ ನೋಡಿ, "ಇಂಥಾ ಮಳ್ಯಾಗ ಎಲ್ಲಿಗೆ ಹೊಂಟೀರೆಪಾ?" ಅಂತ ಕೇಳಿದರು. "ಎಲ್ಲಿಗೂ ಇಲ್ಲಬೇ, ನಿನ್ ಅಂಗಡಿಗೇ ಬಂದೀವಿ" ಅಂದರು ಕಾಕಾ. ಮಿರ್ಚಿ ಬಿಸಿಬಿಸಿಯಾಗಿ ಬಂತು. ಹತ್ತೇ ನಿಮಿಷ ಅಂತ ಮೊದಲೇ ಮಾತಾಗಿತ್ತು. ಒದ್ದೆ ಬಟ್ಟೆಯಲ್ಲಿ ಜಾಸ್ತಿ ಹೊತ್ತು ಕೂತರೆ ಮೈ ತಣ್ಣಗಾಗಿ ಮತ್ತೆ ಹತ್ತುವುದು ಕಷ್ಟ.

ಈ ವಿಷಯದಲ್ಲಿ ನಮ್ಮ ಊರಿನ ಹವೆಯನ್ನು ಜನ ಹಗುರವಾಗಿ ನೋಡುತ್ತಾರೆ. 22 ಡಿಗ್ರಿಯಲ್ಲಿ ಏನು ಚಳಿ ಅಂತ. ಆದರೆ ಪೂರ್ತಿ ನೆನೆದು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಕೈ ಬೆರಳು ಮರಗಟ್ಟುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ಹೋದ ಹಾಗೇ. ಕಾಕಾ ಅಲ್ಲೇ ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೋ ಡಿ ಇಟಾಲಿಯಾದ 1988ರ ಕಥೆ ಹೇಳಿದರು. ಜೂನ್ 5ರಂದು 2,621 ಮೀಟರ್ ಎತ್ತರದ ಗಾವಿಯಾ ಘಟ್ಟದಲ್ಲಿ ಹಿಮ ಸುರಿಯಿತು. ಹತ್ತುವುದಕ್ಕಿಂತ ಇಳಿಯುವುದೇ ನರಕವಾಯಿತು. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ಅವರ ತಂಡದವರು ಮುಂಚೆಯೇ ದಪ್ಪ ಕೈಗವಸು, ಟೋಪಿ ಕೊಂಡಿಟ್ಟಿದ್ದರು. ಆ ದಿನ ಅವರು ಎರಡನೆಯವರಾಗಿ ಬಂದರೂ ಒಟ್ಟು ಸಮಯದಲ್ಲಿ ಮುಂದಿರುವವರು ಹಾಕುವ ಗುಲಾಬಿ ಜೆರ್ಸಿ ಸಿಕ್ಕಿತು, ಕೊನೆಗೆ ಇಡೀ ರೇಸನ್ನೇ ಗೆದ್ದರು. ಕಾಲಿನ ಬಲ ಎಲ್ಲರಿಗೂ ಇತ್ತು, ಬೆಚ್ಚನೆಯ ಕೈ ಕೆಲವರಿಗೆ ಮಾತ್ರ ಇತ್ತು ಅಂತ ಕಾಕಾ ಅವರ ವಾದ. ನನಗೂ ಅದು ಸರಿ ಅನಿಸುತ್ತದೆ. ಆವತ್ತಿನಿಂದ ಪ್ರತಿಯೊಬ್ಬರ ಜೇಬಿನಲ್ಲೂ ಪ್ಲಾಸ್ಟಿಕ್ ಚೀಲದೊಳಗೆ ಒಣ ಕೈಗವಸು ಒಂದು ಜೊತೆ ಇರುತ್ತದೆ.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಥುಕ್ಪಾ ಕುಡಿದೆವು. 1966ರಿಂದ ಇಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಬಿಸಿ ಸಾರು, ಶ್ಯಾವಿಗೆ, ತರಕಾರಿ, ಉಪ್ಪು: ಮಳೆಯಲ್ಲಿ ನೆನೆದ ಸೈಕಲ್ ಸವಾರರಿಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ. ವಾಪಸ್ಸು ಬರುವಾಗ ಪಂಕ್ಚರ್ ಮೇಲೆ ಪಂಕ್ಚರ್. ಒದ್ದೆ ಟೈರಿಗೆ ಗಾಜಿನ ಚೂರು ಸುಲಭವಾಗಿ ಇಳಿಯುತ್ತದೆ. ಟ್ಯೂಬ್ ಬದಲಿಸುವುದನ್ನು ಹೊಸಬರೇ ಮಾಡಿದರು, ಹಳಬರು ಕೊಡೆ ಹಿಡಿದು ನಿಂತರು.

ಪುನರ್ವಸು

ಈಗ ಪೂರ್ವಕ್ಕೆ. ಆಷಾಢದ ಗಾಳಿ ಶುರುವಾಗಿದೆ. ನವಲಗುಂದದ ದಾರಿಯಲ್ಲಿ ಹೆಸರಿನ ಬೆಳೆ ಮೊಣಕಾಲೆತ್ತರ ನಿಂತಿದೆ. ಗಾಳಿ ತಡೆಯಲು ಒಂದು ಮರವೂ ಇಲ್ಲ. ಮಳೆ ಹೆಸರಿಗಷ್ಟೇ ನಾಲ್ಕು ಹನಿ.

ನನ್ನ ಮಟ್ಟಿಗೆ ಈ ಇಡೀ ಮಳೆಗಾಲದ ಮುಖ್ಯ ಪಾಠ ಇಲ್ಲಿದೆ. ಮಳೆಯಲ್ಲಿ ಒಬ್ಬೊಬ್ಬರೇ ಸಹಿಸಿಕೊಂಡು ಹೋಗಬಹುದು. ಗಾಳಿಯಲ್ಲಿ ಒಬ್ಬರಿಂದ ಆಗುವುದಿಲ್ಲ. ಎದುರಿಗೆ 20 ಕಿ.ಮೀ. ಗಾಳಿ ಇದ್ದಾಗ ನೀವು 20ರಲ್ಲಿ ಹೋದರೂ ಎದೆಗೆ ಬಡಿಯುವುದು 40ರ ಗಾಳಿ. ಮುಂದಿನವರ ಹಿಂದೆ ಒಂದು ಮೊಳ ಅಂತರದಲ್ಲಿ ಹೋದರೆ ಕಾಲು ಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಹಾಗಾದರೆ ಯಾರು ಮುಂದೆ, ಎಷ್ಟು ಹೊತ್ತು?

ಶುರುವಿನಲ್ಲಿ ಆದದ್ದೇನೆಂದರೆ, ಬಲವಾದ ಹುಡುಗರು ತಮ್ಮ ಸರದಿ ಬಂದ ಕೂಡಲೇ ವೇಗ ಏರಿಸುತ್ತಿದ್ದರು. ಮಾಡುತ್ತಿದ್ದದ್ದು ಒಳ್ಳೆಯ ಮನಸ್ಸಿನಿಂದಲೇ, ಗುಂಪನ್ನು ಎಳೆದುಕೊಂಡು ಹೋಗೋಣ ಅಂತ. ಆದರೆ ಕೊನೆಯವರ ಅಂತರ ಬಿಟ್ಟುಹೋಗುತ್ತಿತ್ತು. ಒಂದು ಸಲ ಅಂತರ ಬಿಟ್ಟರೆ ಅವರು ಪೂರ್ತಿ ಗಾಳಿಗೆ ಒಬ್ಬರೇ, ಮತ್ತೆ ಹತ್ತಿರ ಬರಲಾಗುವುದಿಲ್ಲ. ಆಮೇಲೆ ನಿಯಮ ಮಾಡಿದೆವು. ಮುಂದೆ ಬಂದವರು ವೇಗ ಏರಿಸಬಾರದು. ಬಲ ಜಾಸ್ತಿ ಇದ್ದರೆ ಜಾಸ್ತಿ ಹೊತ್ತು ಮುಂದೆ ಇರಿ. ಕಡಿಮೆ ಇದ್ದರೆ ಅರ್ಧ ನಿಮಿಷಕ್ಕೇ ಸರಿಯಿರಿ. ವೇಗ ಮಾತ್ರ ಒಂದೇ. ವೇಗ ಎಷ್ಟು ಅಂತ ಹೇಳುವ ಹಕ್ಕು ಕೊನೆಯಲ್ಲಿ ಇರುವವರದು.

ಅಡ್ಡಗಾಳಿಗೆ ಬೇರೆ ವಿದ್ಯೆ ಬೇಕು. ನೇರ ಹಿಂದೆ ಹೋದರೆ ಆಸರೆ ಸಿಗುವುದಿಲ್ಲ, ಓರೆಯಾಗಿ ಹೋಗಬೇಕು. ರೇಸಿನವರು ಎಶಲಾನ್ ಅನ್ನುತ್ತಾರೆ. ಯುರೋಪಿನ ರೇಸಿನಲ್ಲಿ ರಸ್ತೆ ಪೂರ್ತಿ ಖಾಲಿ ಮಾಡಿಸಿರುತ್ತಾರೆ. ನಮ್ಮದು ಲಾರಿ ಓಡುವ ರಸ್ತೆ. ಹೋಗುವಾಗ ಗಾಳಿ ಎಡ ಹಿಂಬದಿಯಿಂದ. ಅಂದರೆ ಮುಂದಾಳು ರಸ್ತೆಯ ಎಡ ಅಂಚಿನಲ್ಲಿ, ಹಿಂದಿನವರು ಬಲಕ್ಕೆ, ವಾಹನಗಳ ಕಡೆಗೆ ಹರಡಬೇಕು. ಬರುವಾಗ ಬಲ ಮುಂಬದಿಯಿಂದ. ಆಗ ಮುಂದಾಳು ರಸ್ತೆ ಮಧ್ಯದ ಕಡೆ ಇರಬೇಕು. ಎರಡೂ ನಮಗೆ ಪೂರ್ತಿ ಒಗ್ಗುವುದಿಲ್ಲ. ಹಾಗಾಗಿ ಮೂರು ಮೂರು ಜನರ ತುಂಡು ಗುಂಪು ಮಾಡಿದೆವು, ಗುಂಪಿಗೂ ಗುಂಪಿಗೂ ನಡುವೆ ಲಾರಿ ಒಳಬರುವಷ್ಟು ಜಾಗ. ಕೊನೆಯವರು ಹಿಂದೆ ನೋಡಿ "ಖಾಲಿ" ಅಂತ ಕೂಗಿದರೆ ಮಾತ್ರ ಸ್ಥಾನ ಬದಲು. ಮೂರೇ ಜನರಾದರೂ ಎಷ್ಟು ವ್ಯತ್ಯಾಸ ಅಂತೀರಿ! ನವಲಗುಂದದಿಂದ ವಾಪಸ್ಸು ಬರುವ ದಾರಿಯಲ್ಲಿ ಯಾರೂ ಹಿಂದೆ ಉಳಿಯಲಿಲ್ಲ. ಹೋದ ವರ್ಷ ಅದೇ ದಾರಿಯಲ್ಲಿ ಗುಂಪು ಚೂರುಚೂರಾಗಿತ್ತು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಅಷ್ಟೊಂದು ಜನ ಬಂದದ್ದು ನೆನಪಾಗುತ್ತದೆ. ಅವರು ಬೆಳೆದದ್ದೂ ಇಂಥದೇ ಗಾಳಿ ಬಯಲಿನಲ್ಲಿ. ಬೆಟ್ಟ ಇಲ್ಲದ ಕಡೆ ಗಾಳಿಯೇ ಬೆಟ್ಟ.

ಪುಷ್ಯ

ಕ್ಲಬ್ಬಿನೊಳಗಿನ ಟೈಮ್ ಟ್ರಯಲ್. ಅಣ್ಣಿಗೇರಿ ಕಡೆಯ ಒಂದು ಹಳ್ಳಿ ರಸ್ತೆ, 10 ಕಿ.ಮೀ. ಹೋಗಿ ತಿರುಗಿ ಬರುವುದು. ನಿಮಿಷಕ್ಕೊಬ್ಬರಂತೆ ಬಿಡುವುದು, ಯಾರೂ ಯಾರ ಆಸರೆಯೂ ಪಡೆಯುವಂತಿಲ್ಲ.

ಗಾಳಿ ನೇರ ಪಶ್ಚಿಮದಿಂದ. ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಎರಡೂ ಸೇರಿ ಸರಿಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸರಿಹೋಗುವುದಿಲ್ಲ. ಗಾಳಿ ಇಲ್ಲದ ದಿನ 30ರ ವೇಗದಲ್ಲಿ 20 ಕಿ.ಮೀ.ಗೆ 40 ನಿಮಿಷ. ಗಾಳಿಯ ದಿನ ಹೋಗುವಾಗ 38, ಬರುವಾಗ 22 ಅಂದುಕೊಳ್ಳಿ. ಹೋಗಲು 15 ನಿಮಿಷ 47 ಸೆಕೆಂಡು, ಬರಲು 27 ನಿಮಿಷ 16 ಸೆಕೆಂಡು. ಒಟ್ಟು 43 ನಿಮಿಷ ದಾಟುತ್ತದೆ. ಬೆನ್ನ ಗಾಳಿ ಕೊಟ್ಟ ಸಾಲವನ್ನು ಎದುರು ಗಾಳಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಆದ್ದರಿಂದ ಬಲವನ್ನು ಅಲ್ಲಿಗೇ ಉಳಿಸಬೇಕು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದ್ದು ಪಿಯುಸಿ ಓದುತ್ತಿರುವ ಹುಡುಗಿ. ತಿರುವಿಗೆ ಬಂದಾಗ ಅವಳು ಇಬ್ಬರು ಹುಡುಗರಿಗಿಂತ ಒಂದು ನಿಮಿಷಕ್ಕೂ ಜಾಸ್ತಿ ಹಿಂದೆ ಇದ್ದಳು. ವಾಪಸ್ಸು ಬರುವಾಗ ಮಳೆಯೂ ಸೇರಿಕೊಂಡಿತು. ಹನಿ ಅಡ್ಡಡ್ಡ ಬಂದು ಮುಖಕ್ಕೆ ಬಡಿಯುತ್ತಿತ್ತು. ಅವಳು ಮೊಣಕೈ ಮಡಚಿ, ತಲೆ ತಗ್ಗಿಸಿ, ಪೆಡಲ್ ಲಯ ಒಂದಿಷ್ಟೂ ತಪ್ಪಿಸದೆ ಬಂದಳು. ಕೊನೆಗೆ 42 ನಿಮಿಷ 10 ಸೆಕೆಂಡು. ಆ ಇಬ್ಬರೂ 43 ದಾಟಿದ್ದರು. ಗಡಿಯಾರ ಹಿಡಿದು ನಿಂತಿದ್ದ ನನಗೆ ಗಂಟಲು ಉಬ್ಬಿ ಬಂತು. ಮೊದಲ ಸ್ಥಾನ ನಮ್ಮ ಲೈನ್‌ಮನ್ ಅಣ್ಣನದು, ಎಂದಿನಂತೆ.

ಆಶ್ಲೇಷ

ಯಮನೂರಿನ ಕಡೆ ಹೊರಟಿದ್ದೆವು. ಬೆಣ್ಣೆಹಳ್ಳ ತುಂಬಿ ಸೇತುವೆಯ ಮೇಲೆ ನೀರು. ಆ ಕಡೆಯಿಂದ ಒಂದು ಟ್ರ್ಯಾಕ್ಟರ್ ದಾಟಿ ಬಂತು. "ಮೊಣಕಾಲಷ್ಟ ಐತ್ರಿ, ಸೈಕಲ್ ಹೊತ್ಕೊಂಡ್ ದಾಟಬಹುದು" ಅಂದರು ಯಾರೋ. ದಾಟಲಿಲ್ಲ. ಹರಿಯುವ ನೀರು ಮೊಣಕಾಲಷ್ಟಿದ್ದರೂ ಮನುಷ್ಯನನ್ನು ಕೆಡವುತ್ತದೆ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ. 2019ರ ಆಗಸ್ಟ್ ನೆರೆ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಒಂದು ಗೊಣಗಾಟ ಇಲ್ಲದೆ ಎಲ್ಲರೂ ಸೈಕಲ್ ತಿರುಗಿಸಿದರು. ನನಗೆ ಆ ದಿನದ ಸವಾರಿ ಟೈಮ್ ಟ್ರಯಲ್‌ಗಿಂತ ಹೆಚ್ಚು ಸಮಾಧಾನ ಕೊಟ್ಟಿತು.

ಮಘಾ

ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಗಾಳಿ ತಗ್ಗಿದೆ. ಚೈನುಗಳನ್ನು ಅಳೆದೆವು. ಮೇ ತಿಂಗಳಲ್ಲಿ ಹೊಸದಾಗಿ ಹಾಕಿದ್ದರಲ್ಲೂ ಕೆಲವು ಶೇ. 0.5 ಹಿಗ್ಗಿವೆ. ಕೆಸರು ಅಷ್ಟು ಬೇಗ ತಿನ್ನುತ್ತದೆ. ಬದಲಿಸುವುದೇ ಒಳ್ಳೆಯದು, ಇಲ್ಲದಿದ್ದರೆ ಹಿಂದಿನ ಹಲ್ಲುಚಕ್ರವೂ ಹಾಳಾಗುತ್ತದೆ, ಅದರ ಬೆಲೆ ಜಾಸ್ತಿ. ರಿಮ್ ಬ್ರೇಕಿನವರ ಪ್ಯಾಡುಗಳೂ ಸವೆದಿವೆ.

ದಾಂಡೇಲಿಗೆ ಹೋಗಿ ಬಂದದ್ದು ಇಲ್ಲಿಯವರೆಗಿನ ಉದ್ದದ ಸವಾರಿ. ಹೊಸಬರೆಲ್ಲ ಕತ್ತಲಾಗುವ ಮುಂಚೆ ಮನೆ ಸೇರಿದರು. ಹಳಿಯಾಳದಿಂದ ಈಚೆಗೆ ಸರದಿ ಬದಲಿಸಲು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕಾಕಾ ಈಗಲೇ 2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮಾತು ತೆಗೆದಿದ್ದಾರೆ. ಫ್ರಾನ್ಸಿನ ಬ್ರೆವೆ ಅದು: 1,200 ಕಿ.ಮೀ., 90 ಗಂಟೆ. ಅದಕ್ಕೆ ಮೊದಲು ಅದೇ ವರ್ಷ 200, 300, 400, 600 ನಾಲ್ಕೂ ಮುಗಿಸಬೇಕು. ಅವರಿಗೆ ಆಗ 66 ವರ್ಷ. ಆಗುತ್ತದೆ ಅಂತ ನನ್ನ ನಂಬಿಕೆ.

ಬರುವ ಭಾನುವಾರ ಅಣ್ಣಿಗೇರಿ ಮೇಲೆ ಗದಗ. ಬೆಳಿಗ್ಗೆ 5:30ಕ್ಕೆ ಹೊರಡುವುದು. ಹೊಳೆಯುವ ಜಾಕೆಟ್, ಮುಂದೆ ಹಿಂದೆ ದೀಪ, ಎರಡು ಟ್ಯೂಬ್, ಒಣ ಕೈಗವಸು. ಹೊಸದಾಗಿ ಇಬ್ಬರು ಸೇರಿದ್ದಾರೆ. ಅವರು ಸಾಲಿನ ಕೊನೆಯಲ್ಲಿ ಇರುತ್ತಾರೆ, ವೇಗ ಅವರೇ ಹೇಳುತ್ತಾರೆ.