ಷರಾ ಕಾಲಂನಲ್ಲಿ ಸಿಕ್ಕ ಕಂಪನಿ ಚರಿತ್ರೆ

ನಾನಿರುವುದು ಕಟ್ಟಡ ಗುತ್ತಿಗೆ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿ. ದೇಶವೆಲ್ಲ ಬಲ್ಲ ಹೆಸರೇನಲ್ಲ. ಒಂದು ಸೀಮೆಯೊಳಗೇ ಮಳಿಗೆ, ಗೋದಾಮು, ಕಚೇರಿ, ಆಸ್ಪತ್ರೆ ಕಟ್ಟಿಕೊಂಡು ಎರಡು ತಲೆಮಾರು ದಾಟಿ ಬಂದ ಸಂಸ್ಥೆ. ಸ್ಮರಣ ಸಂಚಿಕೆ ತರೋಣ ಎಂದು ತೀರ್ಮಾನವಾದಾಗ ಅದರ ಚರಿತ್ರೆ ಬರೆಯುವ ಹೊಣೆ ನನ್ನ ಕೊರಳಿಗೆ ಬಿತ್ತು. ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲೆ ಎಂಬುದೊಂದೇ ಅರ್ಹತೆ.

ಎಲ್ಲರೂ ಫೋಟೋ ತಂದುಕೊಟ್ಟರು. ಗುದ್ದಲಿ ಹಿಡಿದು ನಿಂತವರು, ರಿಬ್ಬನ್ ಕತ್ತರಿಸುವವರು. ಇವೆರಡರ ನಡುವೆ ಕಂಪನಿ ಹೇಗೆ ಉಸಿರಾಡಿತು ಅನ್ನೋದು ಫೋಟೋದಲ್ಲಿ ಬರುವುದಿಲ್ಲ. ಅದು ಸಿಕ್ಕಿದ್ದು ಹಳೇ ಟೆಂಡರ್ ರಿಜಿಸ್ಟರ್‌ನಲ್ಲಿ. ಕಾಮಗಾರಿ, ಅಂದಾಜು ಮೊತ್ತ, ನಾವು ಹಾಕಿದ ದರ, ಯಾರಿಗಾಯಿತು, ಕೊನೆಗೆ ಷರಾ. ಕಂಪನಿ ಕಟ್ಟಿದ ಯಜಮಾನರು ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಅಚ್ಚು ಕಟ್ಟುವ ಬಡಗಿಯಾಗಿ ಶುರು ಮಾಡಿದವರು, ಹೆಚ್ಚು ಬರೆಯುತ್ತಿರಲಿಲ್ಲ. ಅವರ ಕೈಬರಹದ ಷರಾಗಳು ಹೀಗಿವೆ: ‘ಬೇಡ. ಮಣ್ಣು ಗೊತ್ತಿಲ್ಲ.’ ‘ಬೇಡ. ಬಿಲ್ಲು 90 ದಿನಕ್ಕೆ.’ ‘ಬೇಡ. ಸೆಂಟ್ರಿಂಗ್ ಸಾಮಾನೆಲ್ಲ ಹೊರಗಿದೆ.’ ಹಿಡಿದ ಕೆಲಸಗಳಿಗಿಂತ ಬಿಟ್ಟ ಕೆಲಸಗಳ ಕಾರಣ ಓದುತ್ತಾ ಹೋದಂತೆ ಕಂಪನಿ ಯಾಕೆ ಇನ್ನೂ ಉಳಿದಿದೆ ಎಂಬುದು ಬಿಡಿಸಿಕೊಂಡಿತು.

ನಮ್ಮ ಕಸುಬಿನ ಲೆಕ್ಕ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಒಂದು ಕೆಲಸದಲ್ಲಿ ಲಾಭ ನೂರಕ್ಕೆ 5 ಅಂದುಕೊಳ್ಳಿ. ಕಟ್ಟಡದ ಮಾಲೀಕರು ಪ್ರತಿ ಬಿಲ್ಲಿನಲ್ಲೂ ರಿಟೆನ್ಷನ್ ಅಂತ ನೂರಕ್ಕೆ 5 ಹಿಡಿದಿಟ್ಟುಕೊಳ್ಳುತ್ತಾರೆ. ಅಂದರೆ ನಮ್ಮ ಇಡೀ ಲಾಭ ಅವರ ಪೆಟ್ಟಿಗೆಯಲ್ಲೇ ಇರುತ್ತದೆ. ಸಾಮಾನ್ಯವಾಗಿ ಕಟ್ಟಡ ಒಪ್ಪಿಸಿದಾಗ ಅರ್ಧ ಬರುತ್ತದೆ. ಮಿಕ್ಕರ್ಧಕ್ಕೆ ದೋಷ ಹೊಣೆಯ ಅವಧಿ, ಅಂದರೆ ದೋಷ ಕಂಡರೆ ನಾವೇ ಸರಿಪಡಿಸಿಕೊಡಬೇಕಾದ ಅವಧಿ, ಮುಗಿಯಬೇಕು, ಹೆಚ್ಚಿನ ಒಪ್ಪಂದಗಳಲ್ಲಿ ಅದು ಒಂದು ವರ್ಷ. ಆ ಹೊತ್ತಿಗೆ ಎಲ್ಲೋ ಒಂದು ಬಾತ್‌ರೂಮ್ ಸೋರಿದರೆ ಮುಗಿಯಿತು, ಮತ್ತೆ ಪತ್ರ ವ್ಯವಹಾರ. ಇತ್ತ ಕೂಲಿ ವಾರ ವಾರ ಬಟವಾಡೆ ಆಗಲೇಬೇಕು. ನಾವು ತಿಂಗಳ ಕೊನೆಗೆ ಅಳತೆ ತೆಗೆದು, ಬಿಲ್ ಹಾಕಿ, ಅವರ ಇಂಜಿನಿಯರ್ ಪರಿಶೀಲಿಸಿ, ಸಹಿಯಾಗಿ ದುಡ್ಡು ಕೈಸೇರುವಷ್ಟರಲ್ಲಿ ಎರಡು ಮೂರು ತಿಂಗಳ ಖರ್ಚು ಆಗಿಹೋಗಿರುತ್ತದೆ. ಕೆಲಸ ಎರಡರಷ್ಟಾದರೆ ಈ ಹಳ್ಳವೂ ಎರಡರಷ್ಟು ಆಳ. ಗುತ್ತಿಗೆ ಕಂಪನಿಗಳು ಕೆಲಸವಿಲ್ಲದೆ ಮಾತ್ರ ಮುಳುಗುವುದಿಲ್ಲ, ಕೈತುಂಬ ಕೆಲಸವಿದ್ದಾಗಲೂ ಮುಳುಗುತ್ತವೆ.

ಬ್ರಿಟನ್ನಿನ ದೊಡ್ಡ ಗುತ್ತಿಗೆ ಕಂಪನಿ ಕ್ಯಾರಿಲಿಯನ್ ಇದಕ್ಕೆ ಸಾಕ್ಷಿ. 2018ರ ಜನವರಿಯಲ್ಲಿ ಅದು ಕುಸಿದಾಗ ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್, ತಲೆ ಮೇಲಿದ್ದ ಹೊಣೆ ಸುಮಾರು 700 ಕೋಟಿ ಪೌಂಡ್. ಕೆಲಸಕ್ಕೇನೂ ಬರವಿರಲಿಲ್ಲ, ಆಸ್ಪತ್ರೆಗಳನ್ನೇ ಕಟ್ಟುತ್ತಿತ್ತು. ಸಬ್ ಕಾಂಟ್ರಾಕ್ಟರುಗಳಿಗೆ 120 ದಿನಗಳ ಪಾವತಿ ಷರತ್ತು ಹಾಕಿ ಅವರ ದುಡ್ಡಿನಲ್ಲಿ ತನ್ನ ಬಂಡಿ ಓಡಿಸುತ್ತಿತ್ತು. ಅದು ಅರ್ಧಕ್ಕೆ ಬಿಟ್ಟ ರಾಯಲ್ ಲಿವರ್‌ಪೂಲ್ ಆಸ್ಪತ್ರೆಯ ಹೊಸ ಕಟ್ಟಡ ತೆರೆದದ್ದು 2022ರಲ್ಲಿ.

ರಿಜಿಸ್ಟರ್‌ನಲ್ಲಿ ಪದೇ ಪದೇ ಬರುವ ಇನ್ನೊಂದು ಷರಾ ‘ದೂರ’. ಇದನ್ನು ಅಂಜಿಕೆ ಎಂದು ಈಗಿನ ಹುಡುಗರು ನಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಕಾಂಕ್ರೀಟಿಗೆ ನೀರು ಬಿದ್ದ ಮೇಲೆ ಗಡಿಯಾರ ಓಡತೊಡಗುತ್ತದೆ. ಪ್ಲಾಂಟಿನಲ್ಲಿ ಕಲಸಿ ಲಾರಿಯಲ್ಲಿ ತರುವ ಕಾಂಕ್ರೀಟಿಗೆ ಅಮೆರಿಕದ ಎಎಸ್‌ಟಿಎಂ ಸಿ94 ಮಾನದಂಡ ಬಹುಕಾಲ 90 ನಿಮಿಷದ ಮಿತಿ ಇಟ್ಟಿತ್ತು. ಅಷ್ಟರೊಳಗೆ ಲಾರಿ ಬಂದು ಸುರಿಯಬೇಕು. ಗೊತ್ತಿಲ್ಲದ ಊರಲ್ಲಿ ಪ್ಲಾಂಟ್ ಯಾವುದು, ಸ್ಲ್ಯಾಬ್ ದಿನ ಕೈಕೊಡದ ಬಾರ್ ಬೆಂಡಿಂಗ್ (ಕಬ್ಬಿಣ ಬಗ್ಗಿಸಿ ಕಟ್ಟುವ) ಮೇಸ್ತ್ರಿ ಯಾರು, ಎಷ್ಟು ಅಡಿ ತೋಡಿದರೆ ಬಂಡೆ ಸಿಗುತ್ತದೆ ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕು. ಆ ಕಲಿಕೆಗೆ ಯಾವ ಟೆಂಡರ್‌ನಲ್ಲೂ ಐಟಂ ಇರುವುದಿಲ್ಲ.

ಮುಂದಿನ ತಲೆಮಾರು ಸ್ವಂತ ಗ್ಯಾಂಗುಗಳನ್ನು ಬಿಟ್ಟು ಸಬ್ ಕಾಂಟ್ರಾಕ್ಟ್‌ಗೆ ಹೊರಳಿತು. ಇದಕ್ಕೆ ಕಾರಣ ಬರೆದಿಟ್ಟವರಿಲ್ಲ, ಬಟವಾಡೆ ಪುಸ್ತಕ ತೆಳ್ಳಗಾಗುತ್ತಾ ಹೋದದ್ದರಿಂದಲೇ ತಿಳಿಯಬೇಕು. ಕೆಲಸವಿಲ್ಲದ ತಿಂಗಳೂ ಸಂಬಳ ಕೊಡುವ ಭಾರ ಇಳಿಯಿತು ನಿಜ, ಕೈಕೆಲಸದ ಮೇಲಿನ ಹಿಡಿತವೂ ಜೊತೆಗೇ ಸಡಿಲಾಯಿತು. ಹಳೇ ಸೂಪರ್‌ವೈಸರ್ ಒಬ್ಬರನ್ನು ಕೇಳಿದೆ. “ಮೊದಲು ಪ್ಲಂಬ್ ತಪ್ಪಿ ಗೋಡೆ ವಾಲಿದ್ರೆ ಕೆಡವಿಸ್ತಿದ್ವಿ ಮೇಡಂ, ಈಗ ಪತ್ರ ಬರೀತೀವಿ” ಅಂದರು.

ಈ ಕಡತಗಳಿಂದ ನನ್ನ ಮೇಜಿಗೆ ಬಂದದ್ದು ಒಂದು ಅಭ್ಯಾಸ. ಹೊಸ ಟೆಂಡರ್ ಬಂದರೆ ಡ್ರಾಯಿಂಗ್ ಬಿಚ್ಚುವ ಮೊದಲು ಪಾವತಿಯ ಷರತ್ತು ಓದುತ್ತೇನೆ. ತಿಂಗಳವಾರು ಹೋಗುವ ದುಡ್ಡು, ಬರುವ ದುಡ್ಡು ಎರಡು ಸಾಲಲ್ಲಿ ಬರೆದು, ನಡೆಯುತ್ತಿರುವ ಕೆಲಸಗಳ ಸಾಲುಗಳಿಗೆ ಕೂಡಿಸುತ್ತೇನೆ. ಎಲ್ಲಕ್ಕಿಂತ ಆಳಕ್ಕೆ ಇಳಿಯುವ ತಿಂಗಳಿಗೆ ಕೆಂಪು ಸುತ್ತು ಹಾಕಿ ಮೇಲಕ್ಕೆ ಕಳಿಸುತ್ತೇನೆ. ಆ ಸುತ್ತಿನೊಳಗಿನ ಮೊತ್ತ ಬ್ಯಾಂಕ್ ಸಾಲದ ಮಿತಿ ದಾಟಿದ್ದರೆ ದರ ವಿಶ್ಲೇಷಣೆಗೆ ಕೂರುವ ಪ್ರಶ್ನೆಯೇ ಬರುವುದಿಲ್ಲ.